ಹಾಲು ಹಲ್ಲಿನ ಅಸಡ್ಡೆ, ಮೆದುಳು ಜ್ವರದ ಗಾಬರಿ

ಬಾಯಿಯ ಬ್ಯಾಕ್ಟೀರಿಯಾ ಮೆದುಳನ್ನೂ ಸೇರುತ್ತದಂತೆ ಎಂಬ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಮೊದಲು ಅದು ವಯಸ್ಸಾದವರ ಮರೆವಿನ ಕಾಯಿಲೆಗೆ ಅಂಟಿಕೊಂಡಿತ್ತು. ಈಗ ಮಕ್ಕಳ ಮೆದುಳು ಜ್ವರದ ಹೆಸರೂ ಅದರ ಜೊತೆ ಕೇಳಿಬರುತ್ತಿದೆ. ವೈರಸ್ ತಗುಲಿದ ಮಗುವಿನ ಮೆದುಳಿಗೆ ಬಾಯಿಯ ಬ್ಯಾಕ್ಟೀರಿಯಾಗಳಿಂದಲೂ ಕೆಡುಕಾಗುತ್ತದೆಯೇ, ಅವು ವೈರಸ್ಸಿಗೆ ದಾರಿ ಮಾಡಿಕೊಡುತ್ತವೆಯೇ ಎಂದು ವಿಜ್ಞಾನಿಗಳು ಕೇಳುವುದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಆ ಪ್ರಶ್ನೆ ಉತ್ತರದ ವೇಷ ತೊಟ್ಟು ಪೇಟೆಗೆ ಬಂದಾಗ. ಬಾಯಿ ಮುಕ್ಕಳಿಸುವ ದ್ರಾವಣ, ಮಕ್ಕಳಿಗೆಂದೇ ಮಾಡಿದ ಪ್ರೊಬಯಾಟಿಕ್ ಪುಡಿ, ಜ್ವರ ಬಂದ ಕೂಡಲೇ ಮೆಡಿಕಲ್ ಶಾಪಿನಿಂದ ತರುವ ಆ್ಯಂಟಿಬಯಾಟಿಕ್ ಸಿರಪ್ಪು, ಇವೆಲ್ಲಕ್ಕೂ ಅಂಥ ಸುದ್ದಿಯಿಂದ ಬಲ ಸಿಗುತ್ತದೆ. ಬಾಯಿಂದ ಮೆದುಳಿಗೆ ದಾರಿ ಇರುವುದಂತೂ ನಿಜ. ಯಾವ ಮಕ್ಕಳಲ್ಲಿ, ಯಾವ ರೋಗಾಣುವಿಗೆ ಆ ದಾರಿ ತೆರೆದಿರುತ್ತದೆ ಎಂಬುದೂ ಬಹುಮಟ್ಟಿಗೆ ಗೊತ್ತಿದೆ. ಸಾಕ್ಷ್ಯ ಗಟ್ಟಿಯಾಗಿರುವ ಕಡೆ ನಾವು ಕೈಕಟ್ಟಿ ಕೂತಿದ್ದೇವೆ, ಸಾಕ್ಷ್ಯ ತೆಳುವಾಗಿರುವ ಕಡೆ ಗದ್ದಲ ಎಬ್ಬಿಸುತ್ತಿದ್ದೇವೆ ಎಂಬುದು ನನ್ನ ತಕರಾರು.

ಗಟ್ಟಿ ಸಾಕ್ಷ್ಯದಿಂದಲೇ ಶುರು ಮಾಡೋಣ. ನಾವು ಊಟ ಅಗಿಯುವಾಗ, ಹಲ್ಲುಜ್ಜುವಾಗ ಬಾಯಿಯ ಬ್ಯಾಕ್ಟೀರಿಯಾಗಳು ಅಷ್ಟಿಷ್ಟು ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಹಲ್ಲು ಹುಳುಕಾಗಿ ಬೇರಿನ ತುದಿಯಲ್ಲಿ ಕೀವು ಕಟ್ಟಿದ್ದರೆ, ವಸಡು ಊದಿದ್ದರೆ ಇನ್ನೂ ಹೆಚ್ಚು. ಆರೋಗ್ಯವಂತ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ತಲೆ, ಕುತ್ತಿಗೆಯ ಅಶುದ್ಧ ರಕ್ತ ಹೃದಯದ ಬಲಭಾಗಕ್ಕೆ ಬಂದು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಜಾಲ ಕಷಾಯ ಸೋಸುವ ಬಟ್ಟೆಯಂತೆ ಈ ಕಸವನ್ನು ಹಿಡಿದು ನಿಲ್ಲಿಸುತ್ತದೆ, ರಕ್ಷಕ ಕಣಗಳು ಅದನ್ನು ತಿಂದು ಮುಗಿಸುತ್ತವೆ. ಆದರೆ ಹುಟ್ಟಿನಿಂದಲೇ ಹೃದಯದ ದೋಷವಿದ್ದು, ತುಟಿ, ಉಗುರು ನೀಲಿಗಟ್ಟುವ ಮಕ್ಕಳಿದ್ದಾರೆ. ಟೆಟ್ರಾಲಜಿ ಆಫ್ ಫ್ಯಾಲೋ ಅಂಥ ದೋಷಗಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಅದರಲ್ಲಿ ಹೃದಯದ ಎರಡು ಕೆಳಕೋಣೆಗಳ ನಡುವೆ ತೂತು ಇರುತ್ತದೆ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುತ್ತದೆ. ಹಾಗಾಗಿ ಅಶುದ್ಧ ರಕ್ತದ ಒಂದು ಪಾಲು ಸೋಸಿಕೊಳ್ಳದೆ ನೇರ ಮಹಾಧಮನಿಗೆ ನುಗ್ಗಿ ಮೆದುಳಿಗೆ ಏರುತ್ತದೆ. ಆಮ್ಲಜನಕದ ಕೊರತೆ ತುಂಬಿಕೊಳ್ಳಲು ಈ ಮಕ್ಕಳ ದೇಹ ಕೆಂಪು ರಕ್ತಕಣಗಳನ್ನು ಜಾಸ್ತಿ ಹುಟ್ಟಿಸುವುದರಿಂದ ರಕ್ತವೂ ಮಂದವಾಗಿರುತ್ತದೆ. ಮೆದುಳಿನಲ್ಲಿ ಅಲ್ಲಲ್ಲಿ ರಕ್ತ ಸರಿಯಾಗಿ ಹರಿಯದ ಚಿಕ್ಕ ಜಾಗಗಳು ಉಂಟಾಗುತ್ತವೆ. ಆಮ್ಲಜನಕ ಕಡಿಮೆಯಿದ್ದಲ್ಲೇ ಸೊಗಸಾಗಿ ಬೆಳೆಯುವ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳಿಗೆ, ಅದರಲ್ಲೂ ಆ್ಯಂಜಿನೋಸಸ್ ಗುಂಪಿನವಕ್ಕೆ, ಇದಕ್ಕಿಂತ ಒಳ್ಳೆಯ ತಾವು ಬೇಕಿಲ್ಲ. ಹೀಗೆ ಕಟ್ಟಿಕೊಳ್ಳುವುದೇ ಮೆದುಳಿನ ಕೀವುಗಡ್ಡೆ. ತಲೆನೋವು, ವಾಂತಿ, ಜ್ವರ, ಒಂದು ಪಕ್ಕದ ಕೈಕಾಲು ಸೋಲುವುದು ಅದರ ಲಕ್ಷಣ. ತಲೆಬುರುಡೆಗೆ ರಂಧ್ರ ಕೊರೆದು ಕೀವು ತೆಗೆಯಬೇಕಾಗಬಹುದು, ವಾರಗಟ್ಟಲೆ ರಕ್ತನಾಳಕ್ಕೆ ಔಷಧ ಕೊಡಬೇಕು.

ಇದು ದಶಕಗಳಿಂದ ಪಠ್ಯಪುಸ್ತಕದಲ್ಲಿರುವ ವಿಷಯ. ಹಾಗಿದ್ದೂ ಈ ಮಕ್ಕಳ ಬಾಯಿಯನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಹುಳುಕು ಹಲ್ಲಿತ್ತು. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಯಾವುದಾದರೊಂದು ಹೃದಯ ದೋಷವಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹುಳುಕು ಹಲ್ಲೂ ಹೃದಯದ ದೋಷವೂ ಒಟ್ಟಿಗೇ ಇರುವ ಮಕ್ಕಳು ನಮ್ಮ ನಡುವೆ ಸಾಕಷ್ಟಿದ್ದಾರೆ ಎನ್ನಲು ಬೇರೆ ಪುರಾವೆ ಬೇಕಿಲ್ಲ. ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅವರು ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟು ಹೃದಯ ದೋಷವೂ ಇದೆ, ಹಲ್ಲಿನ ತೊಂದರೆಯೂ ಇದೆ. ಆದರೆ ಎರಡಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ದಾರಿ. ಹೃದಯದ ಸಾಲಿಗೆ ಗುರುತು ಬಿದ್ದ ಮಗು ದೊಡ್ಡಾಸ್ಪತ್ರೆಯ ಎಕೋ ಪರೀಕ್ಷೆಗೆ ಹೋಗುತ್ತದೆ. ಹಲ್ಲಿನ ಸಾಲಿಗೆ ಗುರುತು ಬಿದ್ದರೆ, ಹಾಲು ಹಲ್ಲು ತಾನೆ, ಬಿದ್ದು ಬೇರೆ ಬರುತ್ತದೆ ಬಿಡಿ ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುವುದೇ ಹೆಚ್ಚು. ಎರಡೂ ಗುರುತು ಒಂದೇ ಮಗುವಿನ ಹೆಸರಿನ ಮುಂದೆ ಬಿದ್ದಾಗ ಹಲ್ಲಿನ ಗುರುತು ತುರ್ತಿನದಾಗಬೇಕಿತ್ತು.

ಮೆದುಳಿನ ಕೀವುಗಡ್ಡೆ ಅಪರೂಪದ ಕಾಯಿಲೆ, ಅದಕ್ಕಾಗಿ ಇಷ್ಟೊಂದು ಕೂಗಾಟವೇಕೆ ಎಂದು ಕೇಳುವವರಿಗೆ ಉತ್ತರ ಸರಳ. ಕಾಯಿಲೆ ಅಪರೂಪವೇ ಇರಬಹುದು, ಆದರೆ ಅದು ಯಾರಿಗೆ ಬರಬಹುದು ಎಂಬುದು ಮುಂಚೆಯೇ ಗೊತ್ತು. ನೂರು ಮಕ್ಕಳಲ್ಲಿ ಯಾರಿಗೆ ಬಂದೀತೋ ತಿಳಿಯದ ಕಾಯಿಲೆಗೆ ನೂರೂ ಮಂದಿಯನ್ನು ಕಾಯಬೇಕು. ಇಲ್ಲಿ ಹಾಗಿಲ್ಲ, ಕಾಯಬೇಕಾದವರ ಹೆಸರು ಇಲಾಖೆಯ ಕಡತದಲ್ಲೇ ಇದೆ. ದಂತವೈದ್ಯರಿಲ್ಲ ಎಂಬ ನೆಪವೂ ನಮ್ಮ ರಾಜ್ಯದಲ್ಲಿ ನಡೆಯದು. ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯ ಇದು. ಹಲ್ಲುದುರಿದ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತಭಾಗ್ಯ ಎಂಬ ಯೋಜನೆಯನ್ನೂ ಮಾಡಿದ್ದೇವೆ. ಅದು ಬೇಡವೆಂದಲ್ಲ, ಅಜ್ಜನೂ ರೊಟ್ಟಿ ಅಗಿಯಬೇಕು. ಮೊಮ್ಮಗನ ಹುಳುಕು ಹಲ್ಲಿಗೂ ಅಷ್ಟೇ ಕಾಳಜಿ ಸಿಗಲಿ ಎಂದಷ್ಟೇ ಕೇಳುತ್ತಿರುವುದು. ಇನ್ನು ಕೆಲವರು ಹೃದಯ ದೋಷದ ಮಕ್ಕಳಿಗೆಲ್ಲ ಆ್ಯಂಟಿಬಯಾಟಿಕ್ ಕೊಟ್ಟುಬಿಟ್ಟರಾಯಿತಲ್ಲ ಎನ್ನುತ್ತಾರೆ. ಹಿಂದೆ ಹೃದಯದ ಒಳಪದರದ ಸೋಂಕು ತಪ್ಪಿಸಲು ಹೀಗೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಧಾರಾಳವಾಗಿ ಕೊಡುತ್ತಿದ್ದರು. ಅಮೆರಿಕದ ಹೃದ್ರೋಗ ಸಂಘ 2007ರಲ್ಲಿ ಅದನ್ನು ಅತಿ ಹೆಚ್ಚು ಅಪಾಯವಿರುವ ಕೆಲವೇ ರೋಗಿಗಳಿಗೆ ಸೀಮಿತಗೊಳಿಸಿತು. ವರ್ಷಕ್ಕೊಮ್ಮೆ ಹಲ್ಲು ಕೀಳಿಸುವಾಗ ರಕ್ತಕ್ಕೆ ಸೇರುವುದಕ್ಕಿಂತ ದಿನನಿತ್ಯ ಅಗಿಯುವಾಗ, ಉಜ್ಜುವಾಗ ಸೇರುವುದೇ ಒಟ್ಟಾರೆ ಹೆಚ್ಚು, ಆದ್ದರಿಂದ ಬಾಯಿಯನ್ನು ಸದಾ ಚೊಕ್ಕವಾಗಿ ಇಟ್ಟುಕೊಳ್ಳುವುದೇ ಮುಖ್ಯ ಎಂಬುದು ಅದರ ತರ್ಕ. ನೀಲಿಗಟ್ಟುವ ಹೃದಯ ದೋಷಕ್ಕೆ ಇನ್ನೂ ಶಸ್ತ್ರಚಿಕಿತ್ಸೆಯಾಗದ ಮಕ್ಕಳು ಆ ಅತಿ ಅಪಾಯದ ಪಟ್ಟಿಯಲ್ಲೇ ಉಳಿದಿದ್ದಾರೆ. ಯಾರಿಗೆ ಕೊಡಬೇಕು ಎಂಬುದನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಅಂಗಡಿಯವರಲ್ಲ.

ಈಗ ವೈರಸ್ಸಿನ ಮಾತಿಗೆ ಬರೋಣ. ಬಾಯಿಯ ಬ್ಯಾಕ್ಟೀರಿಯಾ ವೈರಸ್ಸಿಗೆ ನೆರವಾಗುತ್ತದೋ ಇಲ್ಲವೋ ಎಂಬ ಚರ್ಚೆಯ ಗದ್ದಲದಲ್ಲಿ, ಬಾಯಲ್ಲೇ ಮನೆ ಮಾಡುವ ವೈರಸ್ಸುಗಳನ್ನು ಮರೆಯುತ್ತೇವೆ. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆ ಜಗತ್ತಿನ ಮೂರರಲ್ಲಿ ಎರಡು ಪಾಲಿನಷ್ಟು ಜನರಲ್ಲಿದೆ. ಬಹುತೇಕ ಮಂದಿಗೆ ಚಿಕ್ಕಂದಿನಲ್ಲೇ, ಮುದ್ದು ಮಾಡುವವರ ಎಂಜಲಿನಿಂದ ಬಂದಿರುತ್ತದೆ. ಅದು ಮುಖದ ನರದ ಗಂಟಿನಲ್ಲಿ ಜೀವಮಾನವಿಡೀ ಅಡಗಿ ಕೂರುತ್ತದೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಮಂದಿಯಲ್ಲಿ ಮಾತ್ರ ಅದು ಮೆದುಳಿಗೆ ನುಗ್ಗುತ್ತದೆ. ನುಗ್ಗಿದರೆ, ಚಿಕಿತ್ಸೆಯಿಲ್ಲದಿದ್ದರೆ, ನೂರರಲ್ಲಿ ಎಪ್ಪತ್ತು ಮಂದಿ ಸಾಯುತ್ತಾರೆ. 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಹಳೆಯ ಔಷಧ ವಿಡಾರಬಿನ್ ಪಡೆದವರಲ್ಲಿ ನೂರಕ್ಕೆ 54 ಮಂದಿ ತೀರಿಕೊಂಡರೆ, ಎಸೈಕ್ಲೊವಿರ್ ಪಡೆದವರಲ್ಲಿ 28 ಮಂದಿ. ಔಷಧ ಎಷ್ಟು ಬೇಗ ಬಿದ್ದರೆ ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು. ಇಷ್ಟೊಂದು ಮಂದಿಯಲ್ಲಿರುವ ವೈರಸ್ಸು ಕೆಲವೇ ಮಕ್ಕಳ ಮೆದುಳಿಗೆ ಏಕೆ ಹೋಗುತ್ತದೆ ಎಂಬುದಕ್ಕೂ ಅರೆ ಉತ್ತರ ಸಿಕ್ಕಿದೆ. ಫ್ರಾನ್ಸಿನ ಝಾನ್-ಲೋರಾ ಕಸನೋವಾ ಅವರ ತಂಡ 2006 ಮತ್ತು 2007ರಲ್ಲಿ ತೋರಿಸಿದಂತೆ, ಅಂಥ ಕೆಲವು ಮಕ್ಕಳಲ್ಲಿ ವೈರಸ್ಸನ್ನು ಗುರುತಿಸಿ ಇಂಟರ್‌ಫೆರಾನ್ ಸ್ರವಿಸುವ ಒಂದೇ ಒಂದು ಜೀನ್ ಹಾದಿ ಕೆಟ್ಟಿರುತ್ತದೆ. ಬೇರೆ ಸೋಂಕುಗಳನ್ನು ಅವರು ಎಲ್ಲರಂತೆ ತಡೆದುಕೊಳ್ಳುತ್ತಾರೆ. ಮಗುವಿಗೆ ಮೆದುಳು ಜ್ವರ ಬಂದಾಗ ತಾಯಿಯ ಶುಚಿತ್ವದ ಮೇಲೆ ಬೆರಳು ತೋರಿಸುವ ನೆಂಟರಿಷ್ಟರು ಈ ಸಂಗತಿಯನ್ನು ಒಂದು ಸಲ ಓದಬೇಕು.

ಕೈ-ಕಾಲು-ಬಾಯಿ ರೋಗ ನಮ್ಮ ನರ್ಸರಿಗಳಿಗೆ ಚೆನ್ನಾಗಿ ಪರಿಚಯವಿದೆ. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ, ವಾರದಲ್ಲಿ ವಾಸಿ. ಸಾಮಾನ್ಯವಾಗಿ ಕಾಕ್ಸಾಕಿ ವೈರಸ್ಸುಗಳಿಂದ ಬರುವ ಈ ರೋಗದಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೆ ಅದೇ ಲಕ್ಷಣ ತರುವ ಎಂಟೆರೊವೈರಸ್ 71 ಬೇರೆ ಜಾತಿಯದು. 1998ರಲ್ಲಿ ತೈವಾನಿನಲ್ಲಿ ಅದು ಹಬ್ಬಿದಾಗ 405 ಮಕ್ಕಳ ಸ್ಥಿತಿ ಗಂಭೀರವಾಗಿ 78 ಮಕ್ಕಳು ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನವರು, ಪೆಟ್ಟು ಬಿದ್ದದ್ದು ಮೆದುಳಿನ ಕಾಂಡಕ್ಕೆ. ಬಾಯಿಹುಣ್ಣಿರುವ ಮಗು ನಿದ್ದೆಯಲ್ಲಿ ಪದೇ ಪದೇ ಬೆಚ್ಚಿಬಿದ್ದರೆ, ತೂರಾಡುತ್ತ ನಡೆದರೆ, ಬಿಡದೆ ವಾಂತಿ ಮಾಡಿಕೊಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು ಅಲ್ಲಿ ಕಲಿತ ಪಾಠ.

ಬಾಯಿ, ಗಂಟಲಿನ ಸ್ಥಿತಿಗೂ ವೈರಸ್ಸು ಮೆದುಳು ಸೇರುವುದಕ್ಕೂ ನೇರ ಸಂಬಂಧ ಕಂಡ ಒಂದು ಹಳೆಯ ಪ್ರಕರಣ ಇಲ್ಲಿ ಹೇಳಲೇಬೇಕಾದದ್ದು. ಅಮೆರಿಕದ ಒಹಾಯೊ ರಾಜ್ಯದ ಅಕ್ರನ್ ಊರಿನಲ್ಲಿ 1941ರ ಬೇಸಿಗೆಯಲ್ಲಿ ಒಂದೇ ಮನೆಯ ಆರು ಮಕ್ಕಳಲ್ಲಿ ಐವರಿಗೆ ಟಾನ್ಸಿಲ್ ತೆಗೆಸಿದರು. ಆ ಕಾಲದಲ್ಲಿ ಅದು ಕಿವಿ ಚುಚ್ಚಿಸಿದಷ್ಟು ಸಾಮಾನ್ಯ. ಕೆಲವೇ ದಿನಗಳಲ್ಲಿ ಆ ಐವರಿಗೂ ಪೋಲಿಯೊ ಬಂತು, ಅದೂ ಉಸಿರಾಟ ಮತ್ತು ನುಂಗುವಿಕೆಯನ್ನು ಕೆಡಿಸುವ, ಮೆದುಳಿನ ಕಾಂಡವನ್ನು ಹಿಡಿಯುವ ಬಗೆ. ಮೂವರು ಉಳಿಯಲಿಲ್ಲ. ಬಫಲೊ ನಗರದಲ್ಲಿ ಕೆಲಸ ಮಾಡುತ್ತಿದ್ದ ಪಿಯರೆ ಓಗ್ರಾ 1971ರಲ್ಲಿ ಇದರ ಹಿಂದಿನ ಒಂದು ಕಾರಣ ತೋರಿಸಿದರು: ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದ ಮೇಲೆ ಮಕ್ಕಳ ಮೂಗು-ಗಂಟಲಿನಲ್ಲಿದ್ದ ಪೋಲಿಯೊ ವಿರೋಧಿ ಪ್ರತಿಕಾಯಗಳು ಗಣನೀಯವಾಗಿ ಕುಸಿದಿದ್ದವು. ಗಾಯ ಒಂದು ಬಾಗಿಲು ತೆರೆದರೆ, ಕಾವಲು ತೆಗೆದದ್ದು ಇನ್ನೊಂದು. ಪೋಲಿಯೊ ಹಬ್ಬಿರುವ ಕಾಲದಲ್ಲಿ ಟಾನ್ಸಿಲ್ ಮುಟ್ಟಬಾರದು ಎಂಬ ಎಚ್ಚರಿಕೆ ಆ ದಿನಗಳಲ್ಲೇ ವೈದ್ಯರಲ್ಲಿ ಮೂಡಿತ್ತು. ಲಸಿಕೆ ಬಂದು ಆ ಪ್ರಶ್ನೆಯನ್ನೇ ಅಳಿಸಿಹಾಕಿತು.

ಹಾಗಾದರೆ ಬ್ಯಾಕ್ಟೀರಿಯಾ ಮತ್ತು ವೈರಸ್ಸುಗಳ ಒಳಒಪ್ಪಂದದ ಮಾತು ಬರಿಯ ಊಹೆಯೇ? ಪೂರ್ತಿ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಜೂಲಿ ಫೈಫರ್ ಅವರ ತಂಡ 2011ರಲ್ಲಿ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಆ್ಯಂಟಿಬಯಾಟಿಕ್‌ನಿಂದ ತೊಡೆದುಹಾಕಿ ಪೋಲಿಯೊ ವೈರಸ್ ಕುಡಿಸಿದಾಗ, ಅವು ಬೇರೆ ಇಲಿಗಳಿಗಿಂತ ಕಡಿಮೆ ಸತ್ತವು. ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿಗಳು ವೈರಸ್ಸಿಗೆ ಅಂಟಿಕೊಂಡು ಅದರ ಸೋಂಕಿನ ಶಕ್ತಿ ಹೆಚ್ಚಿಸುತ್ತಿದ್ದವು. ತಿರುಗುಮುರುಗಿನ ಸಹಾಯಕ್ಕೂ ಉದಾಹರಣೆ ಉಂಟು. 1918ರ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು, ವೈರಸ್ಸು ಶ್ವಾಸನಾಳದ ಒಳಪದರ ಸುಲಿದ ಮೇಲೆ ನುಗ್ಗಿದ, ಗಂಟಲಲ್ಲಿ ಮಾಮೂಲಾಗಿ ಇರುವ ಬ್ಯಾಕ್ಟೀರಿಯಾಗಳು. ಆದರೆ ಮೊದಲನೆಯದು ಕರುಳಿನ ಮಾತು, ಅದೂ ಇಲಿಯ ಕರುಳಿನದು. ಎರಡನೆಯದು ಶ್ವಾಸಕೋಶದ ಮಾತು. ಇವೆರಡರಿಂದ ಮಗುವಿನ ಬಾಯಿಗೂ ಮೆದುಳಿಗೂ ಸೇತುವೆ ಕಟ್ಟುವುದಾದರೆ ನಡುವೆ ಕಂಬಗಳೇ ಇರುವುದಿಲ್ಲ.

ಮಗುವಿನ ಬೆನ್ನುಹುರಿಯ ನೀರಿನಲ್ಲೇ ಬಾಯಿಯ ಬ್ಯಾಕ್ಟೀರಿಯಾದ ಡಿಎನ್ಎ ಸಿಕ್ಕರೆ ಅದು ಪುರಾವೆಯಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಂದಿನ ಪರೀಕ್ಷೆಗಳು ಅತಿ ಸೂಕ್ಷ್ಮ. ಚರ್ಮದಿಂದ, ಸೂಜಿಯಿಂದ, ಪ್ರಯೋಗಾಲಯದ ರಾಸಾಯನಿಕದ ಸೀಸೆಯಿಂದ ಬಂದ ಚೂರುಪಾರು ಡಿಎನ್ಎಯನ್ನೂ ಅವು ಹಿಡಿದು ತೋರಿಸುತ್ತವೆ. ಜೀವಂತ ಬ್ಯಾಕ್ಟೀರಿಯಾವೇ ಸಿಕ್ಕರೂ ಅದು ಯಾರ ಬಾಯಿಯದು ಎಂದು ವಿಚಾರಿಸಬೇಕು. ಇದು ತಮಾಷೆಯ ಮಾತಲ್ಲ. ಬೆನ್ನುಹುರಿಗೆ ಬಣ್ಣದ ದ್ರಾವಣ ಚುಚ್ಚಿ ಎಕ್ಸ್‌ರೇ ತೆಗೆಯುವ ಮೈಲೋಗ್ರಾಮ್ ಎಂಬ ಪರೀಕ್ಷೆಯ ನಂತರ ಎಂಟು ಮಂದಿಗೆ ಮೆದುಳುಪೊರೆಯ ಉರಿಯೂತ ಬಂದದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2004ರಲ್ಲಿ ತನಿಖೆ ಮಾಡಿತು. ರೋಗಿಗಳಲ್ಲಿ ಸಿಕ್ಕಿದ್ದು ಬಾಯಿ-ಗಂಟಲಿನ ಸ್ಟ್ರೆಪ್ಟೊಕಾಕಸ್‌ಗಳು. ಸೂಜಿ, ಔಷಧ, ಚರ್ಮದ ಶುದ್ಧಿ ಯಾವುದರಲ್ಲೂ ಲೋಪವಿರಲಿಲ್ಲ. ಚುಚ್ಚಿದವರು ಮಾಸ್ಕ್ ಹಾಕಿರಲಿಲ್ಲ, ಅಷ್ಟೇ. ವೈದ್ಯರ ಬಾಯಿಂದ ಸಿಡಿದ ಹನಿ ರೋಗಿಯ ಮೆದುಳುಪೊರೆ ಸೇರಿತ್ತು. 2007ರಲ್ಲಿ ಬೆನ್ನುಹುರಿಗೆ ಔಷಧ ಚುಚ್ಚುವಾಗ ಮಾಸ್ಕ್ ಕಡ್ಡಾಯ ಎಂಬ ಸೂಚನೆ ಬಂತು. ಬಾಯಿಯ ಬ್ಯಾಕ್ಟೀರಿಯಾ ಮೆದುಳಿಗೆ ಅಪಾಯ ಎಂಬ ಮಾತು ಇಲ್ಲಿ ನೂರಕ್ಕೆ ನೂರು ನಿಜ, ಪರಿಹಾರ ಒಂದು ತುಂಡು ಬಟ್ಟೆ. ಮಗುವಿನ ಬೆನ್ನಿಗೆ ಸೂಜಿ ಹಾಕುವ ಕೋಣೆಯಲ್ಲಿ ವೈದ್ಯರೂ, ಮಗುವನ್ನು ಬಾಗಿಸಿ ಹಿಡಿದ ನರ್ಸೂ ಮಾಸ್ಕ್ ಹಾಕಿದ್ದಾರೆಯೇ ಎಂದು ನಮ್ಮ ಆಸ್ಪತ್ರೆಗಳು ತಪಾಸಣೆ ಮಾಡಿಕೊಂಡರೆ ಖರ್ಚೇನೂ ಬರುವುದಿಲ್ಲ.

ಆತುರದ ಬೆಲೆ ಏನೆಂದು ತಿಳಿಯಲು ಅಲ್ಜೈಮರ್ಸ್ ಕತೆಯನ್ನೇ ನೋಡಬಹುದು. ವಸಡಿನ ರೋಗ ತರುವ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವಗಳು ಅಲ್ಜೈಮರ್ಸ್ ರೋಗಿಗಳ ಮೆದುಳಿನಲ್ಲಿ ಸಿಕ್ಕವು ಎಂದು 2019ರಲ್ಲಿ ಪ್ರಕಟವಾದಾಗ ಜಗತ್ತಿಡೀ ಸುದ್ದಿ. ಆ ಕಿಣ್ವಗಳನ್ನು ತಡೆಯುವ ಗುಳಿಗೆಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಅದು ಮರೆವು ಹೆಚ್ಚುವುದನ್ನು ನಿಧಾನಿಸುವ ತನ್ನ ಮುಖ್ಯ ಗುರಿಗಳನ್ನು ಮುಟ್ಟಲೇ ಇಲ್ಲ. ಸಂಬಂಧ ಕಂಡದ್ದೆಲ್ಲ ಕಾರಣವಾಗುವುದಿಲ್ಲ ಎಂಬುದು ವಿಜ್ಞಾನದ ಮೊದಲ ಪಾಠ, ಸುದ್ದಿಮನೆಗೆ ಅದು ಯಾವಾಗಲೂ ಕೊನೆಯ ಪಾಠ. ಹಾಗೆಂದು ಸಂಶೋಧನೆ ನಿಲ್ಲಬೇಕೆಂದು ಯಾರೂ ಹೇಳುತ್ತಿಲ್ಲ. ಮಕ್ಕಳ ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತು ನಮ್ಮ ದಂತ ಕಾಲೇಜುಗಳೂ ಮಕ್ಕಳ ಆಸ್ಪತ್ರೆಗಳೂ ಒಟ್ಟಾಗಿ ಅಧ್ಯಯನ ಮಾಡಲಿ. ಫಲ ಬರುವ ತನಕ ಮಕ್ಕಳ ಬಾಯಿಗೆ ಔಷಧ ಸುರಿಯುವುದು ಬೇಡ.

ಬಾಯಿ ತೊಳೆದು ತಡೆಯಲಾಗದ ಮೆದುಳು ಜ್ವರಗಳೇ ನಮ್ಮಲ್ಲಿ ಹೆಚ್ಚು ಎಂಬುದನ್ನೂ ಹೇಳಬೇಕು. ಜಪಾನೀಸ್ ಮೆದುಳು ಜ್ವರ ಬರುವುದು ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆಯಿಂದ. ಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಅದರ ವಿರುದ್ಧ ಭಾರತದಲ್ಲೇ ತಯಾರಾದ ಜೆನ್‌ವ್ಯಾಕ್ ಲಸಿಕೆಯ ಮೂಲ ವೈರಸ್ಸು ನಮ್ಮ ಕೋಲಾರದ ರೋಗಿಯೊಬ್ಬರಿಂದ ಪ್ರತ್ಯೇಕಿಸಿದ್ದು. 2022ರ ಡಿಸೆಂಬರಿನಲ್ಲಿ ರಾಜ್ಯದ ಹತ್ತು ಜಿಲ್ಲೆಗಳ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಈ ರೋಗದ ಲಸಿಕೆ ಹಾಕುವ ಅಭಿಯಾನ ನಡೆಯಿತು. ಮೂಗು-ಗಂಟಲಿನಲ್ಲಿ ಸುಮ್ಮನೆ ಕೂತಿದ್ದು ಮೆದುಳುಪೊರೆಗೆ ನುಗ್ಗುವ ಹಿಬ್ ಮತ್ತು ನ್ಯುಮೊಕಾಕಸ್ ಬ್ಯಾಕ್ಟೀರಿಯಾಗಳಿಗೂ ಉಚಿತ ಲಸಿಕೆ ಇದೆ, ಅಂಗನವಾಡಿಯಲ್ಲೇ ಸಿಗುತ್ತದೆ. ಮೌತ್‌ವಾಶ್ ಬಾಟಲಿಯ ಮೇಲಿನ ಅಕ್ಷರ ಓದುವ ಮುಂಚೆ ತಾಯಿ ಕಾರ್ಡಿನಲ್ಲಿ ಈ ಲಸಿಕೆಗಳ ದಿನಾಂಕ ಬಿದ್ದಿದೆಯೇ ನೋಡುವುದು ಲೇಸು.

ಆರೋಗ್ಯ ಇಲಾಖೆಯ ಮುಂದೆ ಇಡುವ ಬೇಡಿಕೆ ಒಂದೇ. ಬಾಲ ಸ್ವಾಸ್ಥ್ಯ ತಂಡದ ತಪಾಸಣೆಯಲ್ಲಿ ಹೃದಯ ದೋಷದ ಗುರುತು ಬಿದ್ದ ಪ್ರತಿ ಮಗುವನ್ನೂ, ಹಲ್ಲು ನೋವಿದೆಯೋ ಇಲ್ಲವೋ ಕೇಳದೆ, ಜಿಲ್ಲಾ ಕೇಂದ್ರದ ದಂತವೈದ್ಯರ ಬಳಿಗೆ ಕಳಿಸಲಿ. ಹುಳುಕು ಹಲ್ಲನ್ನು ತುಂಬಲಿ ಅಥವಾ ಕೀಳಲಿ, ಹೃದ್ರೋಗ ವೈದ್ಯರಿಗೆ ಚೀಟಿ ಹೋಗಲಿ, ಆರು ತಿಂಗಳಿಗೊಮ್ಮೆ ಮತ್ತೆ ನೋಡಲಿ. ಜಿಲ್ಲಾ ಕೇಂದ್ರದಲ್ಲಿ ದಂತವೈದ್ಯರ ಹುದ್ದೆಗೆ ಈ ಕಾರ್ಯಕ್ರಮದಲ್ಲೇ ಅವಕಾಶವಿದೆ, ಹೊಸ ಯೋಜನೆಯಾಗಲಿ ಹೊಸ ಹೆಸರಾಗಲಿ ಬೇಕಿಲ್ಲ. ಹೃದಯದಲ್ಲಿ ತೂತಿದೆ ಎಂದು ವೈದ್ಯರು ಹೇಳಿದ ಮಗು ನಿಮ್ಮ ಮನೆಯಲ್ಲಿದ್ದರೆ, ಆದೇಶ ಬರುವ ತನಕ ಕಾಯಬೇಡಿ. ಮುಂದಿನ ಸಲ ಎಕೋ ಮಾಡಿಸಲು ಹೋದಾಗ ಹಲ್ಲಿನ ವಿಭಾಗಕ್ಕೂ ಒಂದು ಚೀಟಿ ಬರೆದುಕೊಡಿ ಎಂದು ನೀವೇ ಕೇಳಿ.